ಮಂಚ ೩ಅ

ಕೇಸ್ ಶೀಟಿನಲ್ಲಿ ಗುಮಾಸ್ತ ಬರೆದದ್ದು: ಹೂವಪ್ಪ, ಗಂಡು, ಎಪ್ಪತ್ತೆರಡು.
ಹು ಶಿಯಾನ್‌ಮಿಂಗ್ ಅಂತ ಅವರು ಹೇಳಿದ್ದನ್ನು
ಮೆಗ್ಗಾನ್ ಆಸ್ಪತ್ರೆಯ ಗದ್ದಲದ ಕಿಟಕಿ ಹಾಗೆ ಕೇಳಿಸಿಕೊಂಡಿತ್ತು.
ಅವರು ತಿದ್ದಲಿಲ್ಲ. ಐವತ್ತು ವರ್ಷ
ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಕೂತು
ಊರಿನ ಬೊಚ್ಚುಬಾಯಿಗಳಿಗೆ ಹಲ್ಲು ಕಟ್ಟಿದವರು,
ಊರು ಕರೆದ ಹೆಸರಿಗೆಲ್ಲ ಹೂಂಗುಟ್ಟಿದವರು.

ನಮ್ಮಜ್ಜಿಯ ನಗು ಅವರ ಕೈಕೆಲಸ.
ಅರ್ಧ ದುಡ್ಡು, ಉಳಿದರ್ಧಕ್ಕೆ ಎರಡು ಕೊಳಗ ಸಣ್ಣಕ್ಕಿ.
ಅವಳು ಚಕ್ಕುಲಿ ಮುರಿದದ್ದು, ಸೊಸೆಯರನ್ನು ಬೈದದ್ದು,
ಕಡೆಗೆ ಕಣ್ಣು ಮುಚ್ಚಿದ್ದು, ಎಲ್ಲ ಆ ಹಲ್ಲಿನಲ್ಲೇ.
ಹೇಳಬೇಕು ಅಂತಿದ್ದೆ ಇದನ್ನು.
ಡ್ರಿಪ್ ಬದಲಿಸುವಾಗ ನಾಲಿಗೆ ತುದಿಗೆ ಬರುತ್ತಿತ್ತು,
ಅಷ್ಟರಲ್ಲಿ ಇನ್ನೊಂದು ಮಂಚ ನರಳುತ್ತಿತ್ತು.

ಮಂಚದ ನಂಬರು ನೋಡಿದ ದಿನವೇ
ಗೋಡೆ ಕಡೆ ಮುಖ ತಿರುಗಿಸಿದರು.
ಕೋಲ್ಕತ್ತದಿಂದ ಬಂದ ಮಗಳು ಲೀಫೆನ್ ಕಾರಿಡಾರಿಗೆ ಕರೆದಳು:
ನಮ್ಮ ಮಾತಿನಲ್ಲಿ, ಸಿಸ್ಟರ್,
ನಾಲ್ಕಕ್ಕೂ ಸಾವಿಗೂ ಹೆಚ್ಚುಕಮ್ಮಿ ಒಂದೇ ಸದ್ದು.
ನನಗೆ ನಗು ಬರಲಿಲ್ಲ.
ನಮ್ಮಲ್ಲೂ ಸಿಟ್ಟು ನೆತ್ತಿಗೇರಿದರೆ
'ನಿನ್ನ ನಾಲ್ಕು ಜನ ಹೊರ' ಅಂತಲೇ ಅಲ್ಲವೆ ಬೈಯುವುದು?
ಪ್ಲಾಸ್ಟರು ಹರಿದು ನಾಲ್ಕರ ಮೇಲೆ ಅಂಟಿಸಿದೆ,
ಪೆನ್ನಿನಲ್ಲಿ ೩ಅ ಅಂತ ಬರೆದೆ.
ರೌಂಡ್ಸಿಗೆ ಬಂದ ಡಾಕ್ಟರು, ಇದೇನಮ್ಮ, ಸೈಟು ನಂಬರಾ, ಅಂದರು.

ಬಿಸಿನೀರೇ ಆಗಬೇಕು ಅಂದಾಗ
ಶೀತವೆಂದರೇನು ಅಂತ ಹೊಸನಗರದವಳಿಗೆ
ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.
ಆದರೆ ಗಂಜಿಯಲ್ಲಿ ಚಮಚ ನೆಟ್ಟಗೆ ನಿಲ್ಲಿಸಿ ಕೊಟ್ಟೆ.
ಮಗಳು ಸದ್ದಿಲ್ಲದೆ ಅದನ್ನು ಮಲಗಿಸಿದಳು.
ಯಾಕೆ ಅಂತ ಕೇಳಲಿಲ್ಲ. ಮರುದಿನ
ಮಲಗಿಸಿಯೇ ತಂದೆ.

ಅಪ್ಪನಿಗೆ ಕಾಯಿಲೆಯ ಹೆಸರು ಹೇಳಬೇಡಿ, ಅಂದಳು ಅವಳು.
ಮಗಳು ಕೇಳಿದರೆ ಗ್ಯಾಸ್ ಅನ್ನಿ, ಅಂದರು ಅವರು.
ಇಬ್ಬರ ಸುಳ್ಳನ್ನೂ ಒಂದೇ ಟ್ರೇಯಲ್ಲಿಟ್ಟು
ತುಳುಕದ ಹಾಗೆ ಓಡಾಡಿದೆ ಹನ್ನೊಂದು ದಿನ.

ಒಂದು ರಾತ್ರಿ, ಎರಡು ಗಂಟೆ ಇರಬೇಕು.
ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಿಜಿಸ್ಟರು.
ಹೆಸರು ಕೂಗಿದೆ.
ಮಗ್ಗುಲು ಬದಲಿಸಲೂ ಆಗದ ಮನುಷ್ಯ
ಎದ್ದು ಕೂತು, ಬೆನ್ನು ನೆಟ್ಟಗೆ ಮಾಡಿ,
'ಹಾಜಿರ್ ಸಾಬ್, ಅಮ್ಮನೂ ಹಾಜಿರ್' ಅಂದರು
ಹನ್ನೊಂದು ವರ್ಷದ ಹುಡುಗನ ಗಂಟಲಿನಲ್ಲಿ.
ಅರವತ್ತೆರಡನೇ ಇಸವಿ. ಶಿಲ್ಲಾಂಗು. ಒಂದು ರೈಲು. ಮರಳುಗಾಡಿನ ಕ್ಯಾಂಪು.
ಮಗಳಿಗೂ ಅಷ್ಟೇ ಗೊತ್ತಿದ್ದದ್ದು.

ಆಮೇಲೆ ರಿಜಿಸ್ಟರು ಮೇಜಿನ ಮೇಲೆಯೇ ಉಳಿಯಿತು.
ಕತ್ತಲಲ್ಲೇ ಹೋಗಿ ಪಾದ ಮುಟ್ಟುತ್ತಿದ್ದೆ,
ಬೆಚ್ಚಗಿದೆಯಾ ಅಂತ.

ಮಂಗಳವಾರ ನಸುಕಿಗೆ ಬೆಚ್ಚಗಿರಲಿಲ್ಲ.

ದವಡೆ ಬಿಗಿಯುವ ಮೊದಲು
ಲೋಟದಲ್ಲಿ ನೆನೆದಿದ್ದ ಹಲ್ಲಿನ ಸೆಟ್ಟನ್ನು
ಬಿಸಿನೀರಲ್ಲಿ ತೊಳೆದು ಕೂರಿಸಿದೆ.
ತಾವೇ ಮಾಡಿಕೊಂಡದ್ದು, ಒಂದೇ ಸಲಕ್ಕೆ ಕೂತಿತು.
ಆಗ ಹೇಳಿದೆ ಕಿವಿಯ ಹತ್ತಿರ ಬಗ್ಗಿ,
ಅಜ್ಜಿಯದು, ಚಕ್ಕುಲಿಯದು, ಎರಡು ಕೊಳಗ ಅಕ್ಕಿಯದು.
ಆಯಾ ಗುಲ್ಜಾರ್‌ಬಿ, ಯಾರ ಹತ್ರ ಮಾತಾಡ್ತಿದ್ದೀರಿ, ಅಂದಳು.

ತೊಡಿಸುವ ಬಟ್ಟೆ ಬೆಸವಾಗಿರಬೇಕಂತೆ.
ಬನಿಯನ್ನು, ಅಂಗಿ, ಅದರ ಮೇಲೊಂದು ಅಂಗಿ, ಕೋಟು.
ಮಗಳು ಚೀಲದ ತಳ ತಡಕಿದಳು, ಮತ್ತೆ ತಡಕಿದಳು.
ಆ ಹೊತ್ತಿಗೆ ಯಾವ ಅಂಗಡಿ ತೆಗೆದಿರುತ್ತದೆ?
ಮೈಮೇಲಿನ ಸ್ವೆಟರು ಬಿಚ್ಚಿ ಕೊಟ್ಟೆ.
ಕೆಂಪಲ್ಲ ತಾನೆ, ಅಂದಳು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು.
ನೀಲಿ, ಅಂದೆ.
ಐದಾಯಿತು.

ಫಾರಮ್ಮಿನಲ್ಲಿ ಹೂವಪ್ಪನನ್ನು ಹೊಡೆದು
ಅವಳು ಹೇಳಿಕೊಟ್ಟಂತೆ ಬರೆದೆ, ಮನೆತನದ ಹೆಸರು ಮುಂದೆ,
ನಮ್ಮ ಇನಿಷಿಯಲ್ಲಿನ ಹಾಗೆ.

ಏಳರ ಬಸ್ಸು ತಡ.
ಸ್ಟ್ಯಾಂಡಿನಲ್ಲಿ ಕೈ ಕಟ್ಟಿಕೊಂಡು ನಿಂತೆ,
ಹೊಳೆ ಕಡೆಯಿಂದ ಬರುವ ಗಾಳಿ, ಒಳ್ಳೇ ಚಳಿ.