ಎರಡು ಚೀಟಿ

ಮೂವತ್ತೊಂದು ವರ್ಷ ಚೀಟಿ ಬರೆದ ಕೈ ಇದು.
ಕಪ್ಪು ಶಾಯಿ, ದಪ್ಪ ರಟ್ಟು, ಹತ್ತಿಯ ದಾರ.
ಜೌಗಿನಿಂದ ಬಂದ ಮೂಳೆಗೆ ಮೊದಲು ಸ್ನಾನ,
ಆಮೇಲೆ ನಾಮಕರಣ.
ಎರಾನಾ, ನಿನ್ನಕ್ಷರ ದುಂಡಗಿದೆ, ನೀನೇ ಬರಿ ಅಂದರು.
ಬರೆದೆ.

ಏಳನೆಯ ಕಪಾಟು: ಡೈನಾರ್ನಿಸ್.
ಗ್ರೀಕಿನಲ್ಲಿ ಭಯಂಕರ ಹಕ್ಕಿ ಅಂತ.
ನಮ್ಮವರು ಅಂದದ್ದು ಬರೀ ಮೋವಾ.
ಬಿಟ್ಟುಬಂದ ದ್ವೀಪಗಳಲ್ಲಿ ಮೋವಾ ಅಂದರೆ ಕೋಳಿ.
ದೋಣಿಯಿಂದಿಳಿದ ಅಜ್ಜಿಯರು ಕತ್ತೆತ್ತಿ, ಇನ್ನೂ ಎತ್ತಿ,
ಎರಡಾಳೆತ್ತರದ ಕೊಕ್ಕು ಕಂಡು
ಕೋಳಿ ಎಂದು ನಕ್ಕಿರಬೇಕು.
ನಕ್ಕು, ಒಲೆ ಹೂಡಿರಬೇಕು.
ಹಾರಿ ಹೋಗೋಣವೆಂದರೆ
ರೆಕ್ಕೆಯಿರಲಿ, ರೆಕ್ಕೆಯ ಮೂಳೆಯ ಗುರುತೂ ಇಲ್ಲ ಅದಕ್ಕೆ.

ಮೇಲಿನ ಖಾನೆ ಸಣ್ಣದು, ನಡುವೆ ಮಧ್ಯಮ, ಕೆಳಗೆ ದೊಡ್ಡದು.
ಮೂರು ಅಳತೆ, ಮೂರು ಜಾತಿ.
ಗಡ್ಡದ ದೊಡ್ಡವರು ಲಂಡನ್ನಿನಲ್ಲಿ ಕೂತು ಹೇಳಿದ್ದು,
ನೂರೈವತ್ತು ವರ್ಷ ಹಾಗೇ ನಡೆದದ್ದು.
ಒಂದೇ ಜೌಗಿನಲ್ಲಿ, ಒಂದೇ ಕೆಸರಲ್ಲಿ,
ಒಂದರ ತೊಡೆಯ ಮೇಲೆ ಒಂದರ ತೊಡೆ ಬಿದ್ದಿದ್ದರೂ
ಜಾತಿ ಬೇರೆ ಅಂತ ಬೇರೆ ಪೆಟ್ಟಿಗೆ, ಬೇರೆ ಚೀಟಿ.
ನಾನೇ ಕಟ್ಟಿದೆ ದಾರ.

ರಾವಿರಿ ನನ್ನ ಭುಜಕ್ಕೂ ಬರುವುದಿಲ್ಲ.
ಮದುವೆಯ ಕಚೇರಿಯಲ್ಲಿ ರಿಜಿಸ್ಟ್ರಾರು ನನ್ನ ಬೆನ್ನ ಹಿಂದೆ ಇಣುಕಿ
ವರ ಎಲ್ಲಿ ಅಂತ ಕೇಳಿದ.
ವರ ಮುಂದೆಯೇ ನಿಂತು, ಎರವಲು ಕೋಟಿನ ತೋಳು ಮಡಚುತ್ತಿದ್ದ.
ಬಸ್ಸಿನಲ್ಲಿ ಈಗಲೂ ನಮಗೆ
ಎರಡು ಬೇರೆ ಊರಿನ ಟಿಕೆಟ್ಟು ಕೊಡಲು ಬರುತ್ತಾರೆ.

ಪ್ರಯೋಗಾಲಯದಿಂದ ಪತ್ರ ಬಂತು, ಒಂದು ಚಳಿಯ ಬುಧವಾರ.
ಕೊಟ್ಟದ್ದು ಚಿಟಿಕೆ ಮೂಳೆಪುಡಿ.
ದೊಡ್ಡವೆಲ್ಲ ಹೆಣ್ಣು,
ಸಣ್ಣವೆಲ್ಲ ಗಂಡು.
ಈ ದ್ವೀಪದಲ್ಲಿ ಒಂದೇ ಜಾತಿ, ಉತ್ತರದ್ದರಲ್ಲಿ ಇನ್ನೊಂದು.
ಬೇರೆ ಮಾಡಿದ್ದು ನಡುವಣ ಕಡಲು, ಅಳತೆಪಟ್ಟಿಯಲ್ಲ.
ಓದಿ, ಕಪಾಟಿಗೆ ಒರಗಿ ಕೂತೆ.
ಎಷ್ಟು ಮನೆ ಮುರಿದೆನಪ್ಪಾ ಈ ದುಂಡಕ್ಷರದಲ್ಲಿ.

ಕಿವಿ ಹಕ್ಕಿ ಇದರ ತಮ್ಮ ಅಂತಲೂ ಬರೆದಿದ್ದೆ.
ಅದೂ ಸುಳ್ಳು. ನಿಜವಾದ ನೆಂಟ
ಮಹಾಸಾಗರದಾಚೆ ದಕ್ಷಿಣ ಅಮೆರಿಕದ ಹುಲ್ಲಿನಲ್ಲಿದೆ,
ಗೌಜಲಿನಷ್ಟಿರುವ ಟಿನಮೂ. ಅದು ಹಾರುತ್ತದೆ,
ಚೆನ್ನಾಗಿ ಅಲ್ಲ, ಆದರೂ ಹಾರುತ್ತದೆ.
ರಾವಿರಿಗೆ ಹೇಳಿದರೆ, ನಮ್ಮ ಸೋದರಮಾವನ ಹಾಗೆ ಅಂದ.

ವರ್ಷಗಳಾದ ಮೇಲೆ ಎರಡನೆಯ ಪತ್ರ.
ಮೊಟ್ಟೆಯ ಸಿಪ್ಪೆಯ ಹೊರಮೈ ಕೆರೆದು ನೋಡಿದ್ದರು.
ಅಲ್ಲಿ ಅಂಟಿದ್ದು ಗಂಡಿನ ಗುರುತು.
ನಾಣ್ಯದಷ್ಟೂ ದಪ್ಪವಿಲ್ಲದ ಸಿಪ್ಪೆ,
ಹೆಣ್ಣು ಕೂತರೆ ಪುಡಿ.
ಹಗುರಾದವನು ಕೂತ,
ಮೈಯೆಲ್ಲ ಎಚ್ಚರ ಮಾಡಿಕೊಂಡು.

ನಮ್ಮ ಮಗಳು ಏಳು ತಿಂಗಳಿಗೇ ಬಂದಳು.
ನಾನು ಜ್ವರದಲ್ಲಿ, ಬೇರೆ ವಾರ್ಡಿನಲ್ಲಿ.
ಅಂಗಿ ಬಿಚ್ಚಿ, ಎದೆಯ ಮೇಲೆ ಅವಳನ್ನಿಟ್ಟುಕೊಂಡು
ಹತ್ತೊಂಬತ್ತು ರಾತ್ರಿ ಅವನು ಕುರ್ಚಿಯಲ್ಲಿ.
ಕೆಮ್ಮು ಬಂದರೂ ಕೆಮ್ಮಲಿಲ್ಲ ಅಂತ ನರ್ಸಮ್ಮ ಹೇಳಿದಳು.
ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ತೂಕ,
ಹೊತ್ತು, ತಾಯಿಯ ಹೆಸರು.

ಇವತ್ತು ಹಳೆಯ ದಾರ ಕತ್ತರಿಸಿದೆ.
ದೊಡ್ಡ ತೊಡೆಮೂಳೆಯ ಪಕ್ಕ ಸಣ್ಣದನ್ನಿಟ್ಟೆ.
ಪೆಟ್ಟಿಗೆ ಸಾಲಲಿಲ್ಲ. ಓರೆಯಾಗಿಟ್ಟೆ,
ಅವರು ಹೊಟ್ಟೆಯಲ್ಲಿ ಹೊತ್ತ ನುಣ್ಣನೆ ಕಲ್ಲುಗಳನ್ನು
ಯಾರದು ಯಾವುದೆಂದು ಗೊತ್ತಾಗದೆ
ನಡುವೆ ಸುರಿದೆ.

ಮೆಟ್ಟಿಲಲ್ಲಿ ಸದ್ದು. ಕುಂಬಳದ ಸೂಪಿನ ಫ್ಲಾಸ್ಕು ಹಿಡಿದು ರಾವಿರಿ.
ಮುಗೀತಾ ಅಂದ.
ಹೊಸ ಚೀಟಿಯಲ್ಲಿ ಶಾಯಿ ಇನ್ನೂ ಹಸಿ.
ಊದಬೇಡ, ಅಳಿಸುತ್ತೆ ಅಂದೆ.
ಅವನು ಊದಿದ.