ಎಡಗಡೆಯ ಹಿಂಬಾಗಿಲು

ರುಸ್ತಾವಿಯ ಕಾರುಸಂತೆಯ ಹಿಂದೆ, ಹಡಗಿನಿಂದ ಇಳಿದ
ಹಳೇ ಕಬ್ಬಿಣದ ಪೆಟ್ಟಿಗೆಯೊಂದು ನನ್ನ ಅಂಗಡಿ. ಬೋರ್ಡಿಲ್ಲ.
ಖತೂನಾ ಎಂದರೆ ಸಾಕು, ಟೈರಿನವನು ಬೆರಳು ತೋರಿಸುತ್ತಾನೆ.

ಸಮುದ್ರ ದಾಟಿ ಬರುತ್ತವೆ ಇಲ್ಲಿಗೆ ಗುದ್ದಿಸಿಕೊಂಡ ಗಾಡಿಗಳು,
ಮೂಗು ಮುರಿದವು, ಸೊಂಟ ನುಗ್ಗಾದವು.
ಹೊರಮೈಗೆ ಗಂಡಸರಿದ್ದಾರೆ: ಸುತ್ತಿಗೆ, ಬೆಂಕಿ, ಬೈಗುಳ.
ಒಳಮೈ ನನ್ನದು.
ಮಾರುವಾಗ ಯಾರೂ ಫೋಟೋ ಹಿಡಿಯದ ಭಾಗ,
ಮೊಣಕೈ ಊರುವ, ಕಾಫಿ ಚೆಲ್ಲುವ,
ಅಳು ಬಂದಾಗ ಹಣೆ ಆನಿಸುವ ಭಾಗ.

ತೆಂಗೀಜ್ ತಂದದ್ದು ಬೆಳ್ಳಿಬಣ್ಣದ ಪ್ರಿಯಸ್.
ಒಳಗೆಲ್ಲ ಹಾಲಿಗೆ ನಾಲ್ಕು ಹನಿ ಚಹಾ ಬಿದ್ದಂಥ ಬಣ್ಣ.
"ಕರಿ ಮಾಡು," ಅಂದ. "ಬಿಸಿಲಿಗೆ ಡ್ಯಾಶ್‌ಬೋರ್ಡು
ಗಾಜಿನಲ್ಲಿ ಇನ್ನೊಂದು ಡ್ಯಾಶ್‌ಬೋರ್ಡಾಗಿ ಕೂರುತ್ತೆ,
ದಾರಿ ಕಾಣಲ್ಲ. ಟ್ಯಾಕ್ಸಿಯವನಿಗೆ ದಾರಿಯೇ ಅನ್ನ."
ಹೊಳೆಯಬಾರದು, ಅಂದ. ಸರಿ, ಅಂದೆ.
ದರಕ್ಕೆ ಅರ್ಧ ಗಂಟೆ ಜಗಳಾಡಿದೆವು, ಅದು ಬೇಡ ಇಲ್ಲಿ.

ಬಿಚ್ಚುವಾಗ ಕಬ್ಬಿಣ ತಾಗಿಸಬಾರದು.
ಪ್ಲಾಸ್ಟಿಕ್ಕಿನ ಪಟ್ಟಿ ಸಂದಿಗೆ ತೂರಿಸಿ ಮೆಲ್ಲಗೆ ಮೀಟಬೇಕು,
ಕ್ಲಿಪ್ಪು ಟಪ್ಪೆಂದರೆ ಉಸಿರು ಬಿಡಬೇಕು,
ಟಕ್ಕೆಂದರೆ ಬೈದುಕೊಳ್ಳಬೇಕು. ಟಕ್ಕೆಂದರೆ ಮುರಿದಿದೆ.
ಸಂದಿಯಲ್ಲಿ ಸಿಕ್ಕಿದ್ದು: ಗಾಳಿಚೀಲ ಸಿಡಿದ ಬಿಳಿಪುಡಿ,
ಕಲ್ಲಾಗಿಹೋದ ಆಲೂಗಡ್ಡೆಯ ಕಡ್ಡಿ, ಅಮೆರಿಕದ ಎರಡು ಕಾಸು.
ಕಾಸು ಡಬ್ಬಿಗೆ ಹಾಕಿದೆ.
ಪಾತ್ರೆಸೋಪಿನ ನೀರು, ಆಮೇಲೆ ಸ್ಪಿರಿಟ್ಟು,
ಆಮೇಲೆ ನಾನೂರರ ಉಪ್ಪುಕಾಗದ, ಆರುನೂರರದು ಒದ್ದೆ ಮಾಡಿ.
ಬಣ್ಣಕ್ಕೆ ಹಿಡಿತ ಬೇಕು. ತೀರಾ ನುಣ್ಣಗಿದ್ದರೆ
ಏನೂ ಅಂಟುವುದಿಲ್ಲ, ನನ್ನ ಮೊದಲ ಗಂಡನ ಹಾಗೆ.

ಎಡಗಡೆಯ ಹಿಂಬಾಗಿಲ ಮೇಲೆ ಒಂದು ಕುದುರೆ ಇತ್ತು.
ಮೊಳೆಯಲ್ಲೋ ಕೀಲಿಕೈಯಲ್ಲೋ ಗೀಚಿದ್ದು, ಕಾಲು ಐದು,
ಐದನೆಯದು ಬಾಲವೂ ಇರಬಹುದು.
ಮಗುವಿನ ಸೀಟಿನಿಂದ ಕೈ ಎಟುಕುವಷ್ಟೇ ಎತ್ತರ.
ಗಾಡಿಗೆ ಗುದ್ದಿದ್ದು ಬಲಗಡೆ.
ಎದ್ದು ಹೋಗಿ ಎರಡು ಸಲ ನೋಡಿ ಬಂದೆ.

ಮೆತ್ತಿದೆ, ಉಜ್ಜಿದೆ, ಪ್ರೈಮರ್ ಹೊಡೆದೆ.
ಪ್ರೈಮರ್ ಚಾಡಿಕೋರ, ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳದು,
ಓರೆಬೆಳಕಿಗೆ ಕುದುರೆ ಎದ್ದು ನಿಂತಿತು.
ಮತ್ತೆ ಮೆತ್ತಿದೆ. ಈ ಸಲ ಕುದುರೆ ಹೋಯಿತು,
ಕುದುರೆಯ ಜಾಗ ಉಳಿಯಿತು:
ಸುತ್ತ ಚರ್ಮದ ಹಾಗೆ ಸುಕ್ಕು ಸುಕ್ಕು, ನಡುವೆ
ಸುಟ್ಟು ಮಾಗಿದ ಗಾಯದ ಬೋಳು ನಯ.

ಅಮ್ಮನ ಕೈಚೀಲ ಗೂಟದ ಮೇಲಿತ್ತು.
ಉಕ್ಕಿನ ಕಾರ್ಖಾನೆಯ ಲೆಕ್ಕದ ಕಿಟಕಿಯಲ್ಲಿ
ಇಪ್ಪತ್ತಾರು ವರ್ಷ ಕೂತವಳು,
ಸಂಬಳದ ದಿನ ಮಾತ್ರ ಹಿಡಿಯುತ್ತಿದ್ದಳು ಅದನ್ನು.
ಹಿಡಿ ಹರಿದಿದೆ. ಕರುವಿನ ಚರ್ಮ, ಅಪ್ಪಟ.
ಅಂಗೈಯಗಲ ಕತ್ತರಿಸಿದೆ. ತಪ್ಪೋ ಸರಿಯೋ
ಯೋಚನೆ ಬಂದದ್ದು ಕತ್ತರಿ ಆಡಿದ ಮೇಲೆ.
ಮೂರನೇ ಸಲ ಮೆತ್ತಿದ್ದು ಇನ್ನೂ ಹಸಿಯಿರುವಾಗ
ತೆಳು ಮೇಣ ಸವರಿ, ಒತ್ತಿ, ಇಪ್ಪತ್ತು ಎಣಿಸಿದೆ.
ಪ್ಲಾಸ್ಟಿಕ್ಕು ಚರ್ಮದ ವೇಷ ಕಟ್ಟುವುದು ಇದ್ದದ್ದೇ.
ಎತ್ತಿದಾಗ ಆ ಅಂಗೈಯಗಲದಲ್ಲಿ
ಗೆರೆ ಗೆರೆ, ಸೂಜಿಮೊನೆಯ ತೂತು ತೂತು.

ಆಮೇಲೆ ಬಣ್ಣ. ದಪ್ಪ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ.
ಒಂದು ಸುತ್ತು ಮಂಜಿನಂತೆ, ಆಮೇಲೆ ಹತ್ತು ನಿಮಿಷ
ಹೊರಗೆ ನಿಂತು ಸೂರ್ಯಕಾಂತಿ ಬೀಜ ಉಗಿಯುವುದು,
ಇನ್ನೊಂದು ಸುತ್ತು, ಮತ್ತೆ ಬೀಜ.
ಐದು ಸುತ್ತಿಗೆ ಕಾಲಡಿ ಸಿಪ್ಪೆಯ ರಾಶಿ.

ತೆಂಗೀಜ್ ಬಂದ. ಕೂತ. ಗಾಜಿನಾಚೆ ನೋಡಿದ, ದಾರಿಯಿತ್ತು.
ಹಿಂಬಾಗಿಲ ಮೇಲೆ ಬೆರಳಾಡಿಸಿ
"ಇಲ್ಲೇನೋ ಇತ್ತಲ್ಲ?" ಅಂದ.
"ಗೀರು," ಅಂದೆ.
ಹತ್ತು ಲಾರಿ ಕಡಿಮೆ ಕೊಟ್ಟ. ನಾಳೆ ಕೊಡುತ್ತಾನಂತೆ.

ಚೀಲದ ತೂತಿಗೆ ತೇಪೆ ಹಾಕಬೇಕು.
ಹಾಲುಚಹಾ ಬಣ್ಣದ ಚೂರೊಂದು ಉಳಿದಿದೆ,
ಕರಿ ಬಣ್ಣವೂ ಡಬ್ಬಿಯ ತಳದಲ್ಲಿ ಒಂದಿಷ್ಟು.