ತಿ ಎಪಥೆ

ಕೋಸ್ ದ್ವೀಪದ ಕೋರ್ಟಿನೆದುರು
ಕಾಫಿಯ ಗಸಿ ಅಲುಗಿಸುತ್ತ ವಕೀಲ ಮಿಲ್ತಿಯಾದಿಸರು ಅಂದರು:
“ಥೆಮೆಲಿನಾ, ಕಾಗದವೆಲ್ಲ ಸರಿಯಿದೆ.
ಇನ್ನು ಬೇಕಾದ್ದು ಪಾಥೊಸ್.
ಮಾತಿಗೆ ಒಂದಿಷ್ಟು ಪಾಥೊಸ್ ಬೆರೆಸು,
ಜಡ್ಜೂ ಒಬ್ಬ ತಾಯಿ ಹೆತ್ತ ಮಗನೇ.”
ಅಥೆನ್ಸಿನಲ್ಲಿ ಓದಿದವರು.
ಅಲ್ಲಿ ಪಾಠ ಮಾಡುತ್ತಾರಂತೆ,
ದನಿ ಎಲ್ಲಿ ಒಡೆಯಬೇಕು,
ಕರವಸ್ತ್ರ ಯಾವ ವಾಕ್ಯಕ್ಕೆ ಹೊರಬರಬೇಕು.

ನಾನಾಗ ಅವರ ಗುಮಾಸ್ತ,
ಹತ್ತೊಂಬತ್ತು ವರ್ಷ, ಕಂಕುಳಲ್ಲಿ ಫೈಲು.
ಆಕೆ ನನ್ನತ್ತ ಬಾಗಿ ಕೇಳಿದಳು:
“ಯಾವ ಪಾಥೊಸ್, ಮಗಾ?”

ಕೇಳಬೇಕಾದ್ದೇ.
ನಮ್ಮ ಕಾಲಿಮ್ನೊಸ್‌ನಲ್ಲಿ ಆ ಮಾತು ಬೀದಿಗೆಲ್ಲ ನೆಂಟ.
ಮಗು ಮೆಟ್ಟಿಲಲ್ಲಿ ಜಾರಿದರೆ, ತಿ ಎಪಥೆಸ್, ಏನಾಯ್ತೋ ನಿನಗೆ?
ಗಡಿಯಾರ ನಿಂತರೂ ಅದೇ ಪ್ರಶ್ನೆ,
ಆಡು ಮೇವು ಬಿಟ್ಟರೂ ಅದೇ.
ಇಸ್ಪೀಟಿನ ಹುಚ್ಚಿಗೆ ಅದೇ ಹೆಸರು.
ಈಸ್ಟರಿನ ಹಿಂದಿನ ವಾರ ಮಾತ್ರ
ಬಹುವಚನ ಹೊದ್ದು ಇಗರ್ಜಿ ಹೊಕ್ಕು
ಮೇಣದ ವಾಸನೆ ಮೆತ್ತಿಕೊಂಡು ಬರುತ್ತದೆ.
ಮಾಡಿದ್ದಲ್ಲ, ಪಟ್ಟದ್ದು.
ಬೆರೆಸುವ ವಸ್ತು ಅಂತ ಯಾರೂ ಹೇಳಿರಲಿಲ್ಲ ನಮಗೆ.

ಒಳಗೆ ಫ್ಯಾನು ತಿರುಗುತ್ತಿತ್ತು.
ಜಡ್ಜ್ ಕನ್ನಡಕ ಒರೆಸಿ, ತಲೆಯೆತ್ತದೆ, ರೂಢಿಯಂತೆ ಕೇಳಿದರು:
“ನಿನ್ನ ಗಂಡ ಸಾಕೆಲ್ಲಾರಿಸ್. ತಿ ಎಪಥೆ?”

ವಕೀಲರ ಹುಬ್ಬು ಕುಣಿಯಿತು: ಈಗ!

“ಸ್ಪಂಜು ತೆಗೆಯಲು ಇಳಿದ, ಸ್ವಾಮಿ.
ಮೂವತ್ತೆಂಟು ಮಾರು ಆಳ.
ಅವತ್ತಿಗೆ ಮೂರನೇ ಸಲ.
ಹಗ್ಗ ಬೇಗ ಎಳೆದುಬಿಟ್ಟರು.
ಆಮೇಲಿಂದ ಅವನ ಬೂಟಿನ ದಾರ ನಾನು ಕಟ್ಟುತ್ತೇನೆ.
ಎಡಗಾಲಿನದು ಮೊದಲು.
ಬಲಗಾಲಿಗೆ ಸ್ವಲ್ಪ ಗೊತ್ತಾಗುತ್ತದೆ,
ಅದಕ್ಕೆ ಕಾಯಲು ಬರುತ್ತದೆ.”

“ಅಷ್ಟೇ?”

“ನಡೆಯದ ಬೂಟು. ಆದರೂ ದಾರ ಸವೆಯುತ್ತದೆ.
ಯಾಕೋ ತಿಳಿಯದು.”

ಜಡ್ಜ್ ಬರೆದುಕೊಂಡರು,
ಏನು ಬರೆದರೋ,
ಅಕ್ಟೋಬರಿಗೆ ಮುಂದೂಡಿದರು.

ಹೊರಗೆ ಮಿಲ್ತಿಯಾದಿಸರು ಟೊಪ್ಪಿಯಿಂದ ತೊಡೆ ಬಡಿದುಕೊಂಡರು:
“ಒಂದು ಹನಿ, ಥೆಮೆಲಿನಾ! ಒಂದೇ ಒಂದು ಹನಿ ಸಾಕಿತ್ತು!”
ಆಕೆ ಕ್ಷಮೆ ಕೇಳಿದಳು,
ಅಂಗಡಿಯವನಿಗೆ ಚಿಲ್ಲರೆ ಸಾಲದೆ ಬಂದಾಗ ಕೇಳುವಂತೆ.

ದೋಣಿಯಲ್ಲಿ ಆಕೆಯ ಚೀಲ ನಾನು ಹಿಡಿದಿದ್ದೆ:
ಎರಡು ಬ್ರೆಡ್ಡು, ಮುಲಾಮು,
ಒಂದು ಜೊತೆ ಕಂದು ದಾರ.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು.
ಕಿಟಕಿಯ ಪಕ್ಕದ ಕುರ್ಚಿಯಲ್ಲಿ
ಮಧ್ಯಾಹ್ನದಿಂದ ಹಾಗೇ ಕೂತಿದ್ದವನು
ಕತ್ತು ಚಾಚಿ, ದನಿ ನಡುಗಿ, ಕೂಗಿದ:
“ತಿ ಎಪಥೆಸ್?”

“ಏನೂ ಆಗಿಲ್ಲ,” ಅಂದಳು
ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ,
“ದೋಣಿ ತಡ.”